ಒಂದು ಟಿಕೆಟ್ಟು, ಎರಡು ಸೀಟು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳ ಅವ್ವಂದಿರಿಗೆ, ಅಕ್ಕತಂಗಿಯರಿಗೆ ಒಂದು ಬಹಿರಂಗ ಪತ್ರ



ಈ ಪತ್ರವನ್ನು ನಿಮ್ಮ ಮನೆಯ ಗಂಡಸರಿಗೂ ಬರೆಯಬಹುದಿತ್ತು. ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು, ಯಾವ ರೆಸಾರ್ಟ್ ಚೆಂದ ಎಂದು ಪಟ್ಟಣದ ಪತ್ರಿಕೆಗಳು ಬರೆಯುವುದು ಗಂಡಸರಿಗೇ. ನಾನು ನಿಮಗೆ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಗಂಡ ಹೆಂಡತಿ ಇಬ್ಬರೇ ಎರಡು ದಿನ ಎಲ್ಲಾದರೂ ಹೋಗಿ ಬರಲು ಬೇಕಾದದ್ದೆಲ್ಲ ಈಗ ನಿಮ್ಮ ಹತ್ತಿರವೇ ಇದೆ. ವಾರದ ಉಳಿತಾಯ ನಿಮ್ಮದು. ಬಸ್ಸಿನ ಪುಕ್ಕಟೆ ಟಿಕೆಟ್ಟೂ ನಿಮ್ಮದೇ. ಉಳಿದದ್ದು ‘ಹೋಗಿ ಬಾರವ್ವ’ ಎಂಬ ಒಂದು ಮಾತು. ಆ ಮಾತನ್ನು ಹೇಳಬೇಕಾದ ಅತ್ತೆ, ಕೇಳಿಸಿಕೊಳ್ಳಬೇಕಾದ ಸೊಸೆ ಇಬ್ಬರೂ ವಾರಕ್ಕೊಮ್ಮೆ ಒಂದೇ ಜಮಖಾನದ ಮೇಲೆ ಸಮಸಮವಾಗಿ ಕೂಡುವ ಜಾಗ ನಿಮ್ಮ ಸಂಘವೊಂದೇ.

ಸ್ತ್ರೀಶಕ್ತಿ ಯೋಜನೆ ನಮ್ಮ ರಾಜ್ಯದಲ್ಲಿ ಶುರುವಾದದ್ದು 2000-01ರಲ್ಲಿ. ಅಂದಿನಿಂದ ಸಂಘದ ಪುಸ್ತಕದಲ್ಲಿ ಏನೇನು ಸಾಲ ಬರೆದಿದ್ದೀರಿ ಎಂದು ಒಮ್ಮೆ ತಿರುವಿ ನೋಡಿ. ಮಗಳ ಲಗ್ನ, ತಮ್ಮನ ಲಗ್ನ, ನಾದಿನಿಯ ಲಗ್ನ, ಲಗ್ನಕ್ಕೆ ಬಟ್ಟೆ, ಲಗ್ನದ ಆಹೇರಿ. ಲಗ್ನ ಮಾಡುವುದಕ್ಕೆ ನಾವು ಹೊಲ ಅಡವಿಡುತ್ತೇವೆ. ಲಗ್ನವಾದ ಇಬ್ಬರು ಮುಂದೆ ಇಪ್ಪತ್ತು, ಮೂವತ್ತು ವರ್ಷ ಬಾಳುವಾಗ ಅವರಿಬ್ಬರಿಗಾಗಿ ಒಂದು ನೂರು ರೂಪಾಯಿ ತೆಗೆದಿಟ್ಟ ಲೆಕ್ಕ ಆ ಪುಸ್ತಕದಲ್ಲಿ ಸಿಗುವುದು ಅಪರೂಪ. ಅವರು ಜೊತೆಯಾಗಿ ಹೊರಗೆ ಹೋಗುವುದು ಆಸ್ಪತ್ರೆಗೆ, ಸಾವಿನ ಮನೆಗೆ, ಬ್ಯಾಂಕಿಗೆ, ಇಲ್ಲವೇ ಹದಿನೈದು ಮಂದಿ ತುಂಬಿದ ಟಂಟಂನಲ್ಲಿ ಜಾತ್ರೆಗೆ. ಎಷ್ಟೋ ಮನೆಗಳಲ್ಲಿ ಗಂಡ ಪುಣೆಯಲ್ಲೋ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾನೆ. ಹಬ್ಬಕ್ಕೆ ಬಂದ ನಾಲ್ಕು ದಿನ ಮನೆ ತುಂಬ ಮಂದಿ. ಹೆಂಡತಿ ಒಲೆಯ ಮುಂದೆ, ಅವನು ಕಟ್ಟೆಯ ಮೇಲೆ. ಮತ್ತೆ ಬಸ್ಸು ಹತ್ತುವಾಗ ಮಾತಾಡದೆ ಉಳಿದ ಮಾತೇ ಹೆಚ್ಚು. ಇಬ್ಬರೂ ಗುಳೆ ಹೋದವರ ಪಾಡೂ ಅಷ್ಟೇ. ತಗಡಿನ ಶೆಡ್ಡಿನಲ್ಲಿ ಜೊತೆಗಿರುತ್ತಾರೆ ನಿಜ, ಆದರೆ ದಣಿವಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನೀವು ತಿರುಗಾಡಿದ್ದೀರಿ, ಅದು ನನಗೆ ಸಂತೋಷದ ಸಂಗತಿ. ಓಣಿಯ ಗೆಳತಿಯರು ಕೂಡಿ ಧರ್ಮಸ್ಥಳ, ಸವದತ್ತಿಯ ದಾರಿ ಹಿಡಿದಿರಿ. ಆ ಯೋಜನೆಯಲ್ಲಿ ಇನ್ನೊಂದು ಅನುಕೂಲ ಇದೆ, ಅದನ್ನು ಯಾರೂ ಎತ್ತಿ ಹೇಳಿದ್ದು ನಾನು ಕೇಳಿಲ್ಲ. ಗಂಡ ಹೆಂಡತಿ ಇಬ್ಬರೇ ಹೊರಟರೆ ಪ್ರಯಾಣದ ಖರ್ಚು ನೇರ ಅರ್ಧಕ್ಕೆ ಇಳಿಯುತ್ತದೆ. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿದೆ, ಆದರೂ ಕೊಡಬೇಕಾದದ್ದು ನಿಮ್ಮ ಗಂಡನೊಬ್ಬರ ಟಿಕೆಟ್ಟು. ಅವರಿಗೆ ಅರವತ್ತು ತುಂಬಿದ್ದರೆ ಹಿರಿಯ ನಾಗರಿಕರಿಗೆ ಇರುವ ಶೇಕಡಾ 25ರ ರಿಯಾಯಿತಿಯೂ ಉಂಟು. ಕೆಂಪು ಬಸ್ಸು, ವೇಗದೂತ ಬಸ್ಸು ಹಿಡಿಯಿರಿ. ರಾಜಹಂಸ, ಎ.ಸಿ., ಸ್ಲೀಪರ್ ಬಸ್ಸುಗಳಲ್ಲಿ ನಿಮಗೂ ಟಿಕೆಟ್ ಬೀಳುತ್ತದೆ.

ಗಡಿಯಾಚೆಯಿಂದ ಬಂದ ಸೊಸೆಯರಿಗೆ ಒಂದು ಮಾತು. ಅಕ್ಕಲಕೋಟೆ, ಸೊಲ್ಲಾಪುರ, ಉಮರ್ಗಾ ಕಡೆಯಿಂದ ಲಗ್ನವಾಗಿ ಬಂದವರು ನಮ್ಮಲ್ಲಿ ಬಹಳ. ಎಷ್ಟೋ ಮಂದಿಯ ಆಧಾರಿನಲ್ಲಿ ಇನ್ನೂ ತವರಿನ ವಿಳಾಸವೇ ಇದೆ, ಗಂಡನ ಹೆಸರಿನ ಜಾಗದಲ್ಲಿ ತಂದೆಯ ಹೆಸರಿದೆ. ಕರ್ನಾಟಕದ ವಿಳಾಸವಿಲ್ಲದಿದ್ದರೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಗುವುದಿಲ್ಲ. ವಸತಿಗೃಹದಲ್ಲೂ ಇಬ್ಬರ ಗುರುತಿನ ಚೀಟಿ ನೋಡುತ್ತಾರೆ, ಹೆಸರು ಹೊಂದದಿದ್ದರೆ ಬೇಡದ ಪ್ರಶ್ನೆ ಕೇಳುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಣ್ಣುಮಗಳು ಕೌಂಟರಿನ ಮುಂದೆ ನಿಂತು ಇವರು ನನ್ನ ಗಂಡ ಎಂದು ಸಾಬೀತು ಮಾಡುವ ಪಾಡು ಬೇಡ. ತಿದ್ದುಪಡಿಯನ್ನು ಮೊದಲೇ ಮಾಡಿಸಿಕೊಳ್ಳಿ.

ಯಾವಾಗ ಹೋಗಬೇಕು? ಇಲ್ಲಿ ನಮ್ಮ ಸೀಮೆಗೆ ಒಂದು ತೊಡಕಿದೆ. ನಮ್ಮ ಲಗ್ನಗಳು ಹೆಚ್ಚಾಗಿ ಆಗುವುದು ಚೈತ್ರ, ವೈಶಾಖದಲ್ಲಿ. ಬಸವ ಜಯಂತಿಯ ಅಕ್ಷಯ ತೃತೀಯೆ ದಿನ ಊರೂರಿಗೆ ಸಾಮೂಹಿಕ ವಿವಾಹ. ಹೊಲದ ಕೆಲಸ ಮುಗಿದಿರುತ್ತದೆ, ಶಾಲೆಗೆ ಸೂಟಿ ಇರುತ್ತದೆ, ಹಿರಿಯರು ಹಾಗೆ ಯೋಚಿಸಿಯೇ ಇಟ್ಟ ಕಾಲ ಅದು. ಆದರೆ ಆ ಲಗ್ನದ ತಾರೀಖು ಪ್ರತಿ ವರ್ಷ ಮರಳಿ ಬರುವುದು ಕಲಬುರಗಿ ಜಿಲ್ಲೆಯಲ್ಲಿ ಬಿಸಿಲು 42 ಡಿಗ್ರಿ ದಾಟುವ ಹೊತ್ತಿಗೆ. ಆ ಬಿಸಿಲಲ್ಲಿ ಬಸ್ಸು ಹತ್ತಿ ಕಲ್ಲಿನ ಗುಡಿ, ಕೋಟೆ ಸುತ್ತುವುದು ಶಿಕ್ಷೆ. ತಾರೀಖಿಗೇ ಅಂಟಿಕೊಳ್ಳಬೇಡಿ. ಲಗ್ನದ ದಿನ ಮನೆಯಲ್ಲಿ ದೀಪ ಹಚ್ಚಿ, ಒಂದು ಹೂರಣದ ಹೋಳಿಗೆ ಮಾಡಿ. ಪ್ರವಾಸವನ್ನು ತೊಗರಿ ರಾಶಿಯಾಗಿ ಮಾರಾಟವಾದ ಮೇಲೆ, ಮಾಘ ಮಾಸಕ್ಕೆ ಇಟ್ಟುಕೊಳ್ಳಿ. ಬಿಸಿಲಿನ್ನೂ ಏರಿರುವುದಿಲ್ಲ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಮಳೆಗಾಲದಲ್ಲಿ ಹೋಗುವ ಆಸೆಯಿದ್ದರೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ಸುದ್ದಿ ಕೇಳಿಕೊಂಡು ಹೊರಡಿ. ಅಲ್ಲಿ ನೀರು ಬಿಟ್ಟರೆ ನಮ್ಮ ಭೀಮೆ ಸೇತುವೆಗಳನ್ನೇ ನುಂಗುತ್ತಾಳೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಯ ನದಿ ದಂಡೆಯ ಊರುಗಳು ಪ್ರವಾಹದಲ್ಲಿ ಅನುಭವಿಸಿದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಹಣದ ಲೆಕ್ಕ ಚಿಕ್ಕದು. ವಾರಕ್ಕೆ ನೀವು 25 ರೂಪಾಯಿ, ನಿಮ್ಮ ಗಂಡ 25 ರೂಪಾಯಿ. ಅವರ ಪಾಲನ್ನು ಅವರಿಂದಲೇ ತೆಗೆದುಕೊಳ್ಳಿ, ನಿಮ್ಮದರಲ್ಲೇ ಹೊಂದಿಸಬೇಡಿ. 52 ವಾರಕ್ಕೆ 2,600 ಆಗುತ್ತದೆ. ಒಬ್ಬರ ಬಸ್ ಚಾರ್ಜು, ಒಂದು ರಾತ್ರಿಗೆ ಸಾದಾ ಕೋಣೆ, ಎರಡು ದಿನದ ಊಟ ಚಹಾ, ಎರಡು ಡಜನ್ ಬಳೆ, ಇಷ್ಟು ಅದರೊಳಗೆ ಕೂಡುತ್ತದೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ಬರುವುದು ಯಜಮಾನಿಯ ಖಾತೆಗೆ, ಬಹಳ ಮನೆಗಳಲ್ಲಿ ಯಜಮಾನಿ ಎಂದರೆ ಅತ್ತೆ. ಅತ್ತೆಯಂದಿರೇ, ವರ್ಷದಲ್ಲಿ ಒಂದು ತಿಂಗಳ ಕಂತಿನಲ್ಲಿ ಸ್ವಲ್ಪ ತೆಗೆದು ಮಗ ಸೊಸೆಯ ಕೈಗಿಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಅವರಿಗೆ ಬೇರೆ ಸಿಗುವುದಿಲ್ಲ.

ಆದರೆ ಇದಕ್ಕಾಗಿ ಸಾಲ ಮಾಡಬೇಡಿ. ಕೈಮುಗಿದು ಹೇಳುತ್ತೇನೆ. ಮೈಕ್ರೋಫೈನಾನ್ಸಿನವರ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂದರೆ ಹಳ್ಳಿಗಳ ಸ್ಥಿತಿ ಎಲ್ಲಿಗೆ ಬಂದಿತ್ತು ಎಂದು ನಿಮಗೆ ಗೊತ್ತು. ನಮ್ಮದು ಶರಣರ ನಾಡು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ತಿರುಗಿ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದ ಕಥೆ ನಿಮಗೆಲ್ಲ ಬರುತ್ತದೆ. ನನಗೆ ಆ ಕಥೆಯಲ್ಲಿ ಅಕ್ಕಿಗಿಂತ ಹೆಚ್ಚು ಕಾಣುವುದು ಅವರಿಬ್ಬರ ನಡುವಿನ ಸಲುಗೆ. ಗಂಡನಿಗೆ ಹಾಗೆ ನೇರವಾಗಿ ಹೇಳುವ ಹೆಂಡತಿ, ಕೇಳಿ ಎದ್ದು ಹೋಗುವ ಗಂಡ. ಅಂಥ ಸಲುಗೆ ಹತ್ತು ಮಂದಿಯ ನಡುವೆ ಬೆಳೆಯುವುದಿಲ್ಲ, ಇಬ್ಬರೇ ಕೂಡಿ ಮಾತಾಡುವುದಕ್ಕೆ ಹೊತ್ತು ಬೇಕು. ಆಳಂದದವರು ಕಲಬುರಗಿಗೆ ಬಂದು ಬಸ್ಸು ಬದಲಿಸಿದರೆ ಆ ಶರಣ ದಂಪತಿಗಳು ಓಡಾಡಿದ ಬಸವಕಲ್ಯಾಣಕ್ಕೇ ಹೋಗಬಹುದು. ಕೋಟೆ, ತ್ರಿಪುರಾಂತಕ ಕೆರೆ, ಅನುಭವ ಮಂಟಪ, ಗವಿಗಳು. ಒಂದು ಹಗಲು ಸಾಲದು, ರಾತ್ರಿ ಉಳಿಯಿರಿ.

ಎಲ್ಲಕ್ಕಿಂತ ಸುಲಭವಾಗಿ ಮನೆಯವರು ಒಪ್ಪುವುದು ಗಾಣಗಾಪುರಕ್ಕೆ. ದತ್ತಾತ್ರೇಯನ ನಿರ್ಗುಣ ಪಾದುಕೆಗೆ ಹೋಗಿ ಬರುತ್ತೇವೆ ಎಂದರೆ ಬೇಡ ಅನ್ನುವವರಿಲ್ಲ. ಹಾಗಾದರೆ ಅಲ್ಲಿಂದಲೇ ಶುರುಮಾಡಿ. ಆದರೆ ಹುಣ್ಣಿಮೆ, ಗುರುವಾರ, ದತ್ತ ಜಯಂತಿ ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ. ಮಹಾರಾಷ್ಟ್ರದಿಂದ ಬರುವ ಗದ್ದಲ ಇರುವುದಿಲ್ಲ, ಕೋಣೆಯೂ ಕಡಿಮೆಗೆ ಸಿಗುತ್ತದೆ. ರೈಲಿನಲ್ಲಿ ಬರುವವರು ನೆನಪಿಡಿ, ಗಾಣಗಾಪುರ ರೋಡ್ ಎಂಬ ನಿಲ್ದಾಣದಿಂದ ಗುಡಿ ಇಪ್ಪತ್ತು ಕಿಲೋಮೀಟರಿಗಿಂತ ದೂರ, ಮತ್ತೆ ಬಸ್ಸು ಹಿಡಿಯಬೇಕು. ಅಲ್ಲಿ ಮಧುಕರಿ ಬೇಡುವ ಪದ್ಧತಿ ಇದೆ. ದತ್ತಾವತಾರಿ ನೃಸಿಂಹ ಸರಸ್ವತಿ ಸ್ವಾಮಿಗಳು ಮಧ್ಯಾಹ್ನ ಭಿಕ್ಷೆಗೆ ಬರುತ್ತಾರೆ ಎಂಬ ನಂಬಿಕೆಯಿಂದ ಉಳ್ಳವರೂ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೊಂದು ಜೋಳಿಗೆ ಹಿಡಿದು ಒಟ್ಟಿಗೆ ಬೇಡಿ ತಂದದ್ದನ್ನು ಒಟ್ಟಿಗೆ ಉಣ್ಣಿ. ಮನೆಯಲ್ಲಿ ಗಂಡ ಉಂಡ ಮೇಲೆ ಉಣ್ಣುವ ರೂಢಿ ಇದ್ದವರು ಅಲ್ಲಾದರೂ ಅದನ್ನು ಬಿಡಿ. ಇಳಿಹೊತ್ತಿಗೆ ಸಂಗಮಕ್ಕೆ ನಡೆದು ಹೋಗಿ. ಆಳಂದ ತಾಲ್ಲೂಕಿನ ಅಮರ್ಜಾ ಬಂದು ಭೀಮೆಯನ್ನು ಸೇರುವ ಜಾಗ ಅದು. ಆ ಸ್ವಾಮಿಗಳ ಗುರುಚರಿತ್ರೆಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರ ನಮ್ಮ ಕಡಗಂಚಿಯ ಸಾಯಂದೇವನ ವಂಶದವನು ಎಂಬುದನ್ನು ಮಕ್ಕಳಿಗೆ ಹೇಳಿ. ಕೇಂದ್ರೀಯ ವಿಶ್ವವಿದ್ಯಾಲಯದಿಂದ ಆ ಊರಿನ ಹೆಸರು ಈಗ ದೇಶಕ್ಕೆ ಗೊತ್ತು, ಗುರುಚರಿತ್ರೆಯದು ಅದರ ಹಳೆಯ ಕೀರ್ತಿ.

ಘತ್ತರಗಿಯ ಭಾಗ್ಯವಂತಿ, ಮಣೂರಿನ ಯಲ್ಲಮ್ಮ, ಆಳಂದದ ಲಾಡ್ಲೆ ಮಶಾಯಕ್ ದರ್ಗಾ, ಜೇವರ್ಗಿಯ ಷಣ್ಮುಖ ಶಿವಯೋಗಿಗಳ ಮಠ ಇವೆಲ್ಲ ಒಂದು ಹಗಲಿನಲ್ಲಿ ಹೋಗಿ ಬರುವ ಜಾಗಗಳು. ರಾತ್ರಿ ಹೊರಗುಳಿಯಲು ಮನೆಯಲ್ಲಿ ಒಪ್ಪದವರು ಇವುಗಳಿಂದ ಆರಂಭಿಸಬಹುದು.

ಜೇವರ್ಗಿಯವರಿಗೆ ನಾನು ಒತ್ತಿ ಹೇಳುವುದು ಸನ್ನತಿಯನ್ನು. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ಆಚೆ ದಂಡೆಯಲ್ಲಿದೆ. ಅಲ್ಲಿನ ಗುಡಿಯ ಚಂದ್ರಲಾಂಬೆ ಎಷ್ಟೋ ಮನೆತನಗಳಿಗೆ ಕುಲದೇವತೆ, ಹಾಗಾಗಿ ಅನುಮತಿ ಕೇಳುವುದೂ ಸುಲಭ. 1986ರಲ್ಲಿ ಆ ಗುಡಿಯ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಕಾಣಿಸಿತು. ಎರಡು ಸಾವಿರ ವರ್ಷಕ್ಕೂ ಹಳೆಯ ಅಕ್ಷರಗಳ ಮೇಲೆ ನಮ್ಮ ಹಿರಿಯರು ಅರಿಯದೆಯೇ ಕುಂಕುಮ, ಭಂಡಾರ ಏರಿಸಿಕೊಂಡು ಬಂದಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ ಮುಂದೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿ ಸಿಕ್ಕ ಒಂದು ಕಲ್ಲಿನ ಫಲಕದಲ್ಲಿ ಅಶೋಕನ ರೂಪವಿದೆ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರಿದೆ. ಇದು ಅಶೋಕನೇ ಎಂದು ಹೆಸರು ಬರೆದು ಹೇಳುವ ಶಿಲ್ಪ ನಮ್ಮ ಭೀಮೆಯ ದಂಡೆಯಲ್ಲಿ ಸಿಕ್ಕಿತು ಎಂದು ನೆನೆದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ. ಮತ್ತೆ ಆ ಶಿಲ್ಪದಲ್ಲಿ ಅವನು ಒಬ್ಬನೇ ಇಲ್ಲ. ಪಕ್ಕದಲ್ಲಿ ರಾಣಿ ಇದ್ದಾಳೆ, ಅವಳ ಕಡೆ ವಾಲಿ ನಿಂತಿದ್ದಾನೆ, ಛತ್ರಿ ಚಾಮರ ಹಿಡಿದ ಹೆಂಗಸರು ಹಿಂದಿದ್ದಾರೆ. ಗಂಡ ಹೆಂಡತಿ ಜೊತೆಯಾಗಿ ನಿಲ್ಲುವುದು ಪಟ್ಟಣದಿಂದ ಈಚೆಗೆ ಬಂದ ಚಾಳಿ ಎನ್ನುವವರಿಗೆ ಇದನ್ನು ತೋರಿಸಿ. ಸನ್ನತಿಗೆ ಬಸ್ಸು ಕಡಿಮೆ. ಇಳಿದ ಕೂಡಲೇ ಕಂಡಕ್ಟರನ್ನು ಮರಳಿ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಟ್ಟುಕೊಳ್ಳಿ.

ಇನ್ನೂ ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ ಜೇವರ್ಗಿಯಿಂದ ಸಿಂದಗಿ ಮೇಲೆ ವಿಜಯಪುರಕ್ಕೆ ನೇರ ಬಸ್ಸುಗಳಿವೆ. ಗೋಳಗುಮ್ಮಟವನ್ನು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಬೇಕು. ಶಾಲಾ ಪ್ರವಾಸದ ಮಕ್ಕಳು ಬಂದು ಕೂಗುವುದಕ್ಕೆ ಮುಂಚೆ ಮೇಲಿನ ಗ್ಯಾಲರಿಯಲ್ಲಿ ಗಂಡ ಒಂದು ತುದಿಗೆ, ನೀವು ಎದುರಿನ ತುದಿಗೆ ಕುಳಿತು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಮನೆಯಲ್ಲಿ ಅತ್ತೆ ಮಾವ ಕೇಳಿಯಾರೆಂದು ನುಂಗಿಕೊಂಡದ್ದನ್ನು ಅಲ್ಲಿ ಹೇಳಿಬಿಡಿ. ಆದರೂ ಜೋಡಿಗೆ ಗುಮ್ಮಟಕ್ಕಿಂತ ಇಬ್ರಾಹಿಂ ರೋಜಾ ಒಳ್ಳೆಯದು ಎಂಬುದು ನನ್ನ ಮತ. ಗದ್ದಲ ಕಡಿಮೆ, ನೆರಳಿದೆ, ಹುಲ್ಲಿನ ಮೇಲೆ ಕೂಡಬಹುದು. ಎರಡನೇ ಇಬ್ರಾಹಿಂ ಆದಿಲ್ ಶಾ ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸತೊಡಗಿದ ಕಟ್ಟಡ ಅದು. 1627ರಲ್ಲಿ ಅವನೇ ಮೊದಲು ತೀರಿಕೊಂಡ. ಈಗ ಇಬ್ಬರೂ ಅಲ್ಲೇ ಅಕ್ಕಪಕ್ಕದಲ್ಲಿದ್ದಾರೆ.

ಅದೇ ಇಬ್ರಾಹಿಂ ಕಟ್ಟಿಸಿದ ಇನ್ನೊಂದು ಅಚ್ಚರಿ ಆಳಂದದವರಿಗೆ ಹತ್ತಿರ. ಗಡಿ ದಾಟಿದರೆ ಸಿಗುವ ನಳದುರ್ಗದ ಕೋಟೆಯಲ್ಲಿದೆ ಅದು. ಬೋರಿ ನದಿಗೆ ಅಡ್ಡ ಕಟ್ಟಿದ ಅಣೆಕಟ್ಟಿನ ಹೊಟ್ಟೆಯಲ್ಲೇ ಪಾನಿ ಮಹಲ್ ಎಂಬ ಕೋಣೆಗಳಿವೆ. ಒಳ್ಳೆ ಮಳೆಯಾದ ವರ್ಷ ಅದರ ಮೇಲಿಂದ ಎರಡು ಧಾರೆ ಜೋಡಿಯಾಗಿ ಧುಮುಕುತ್ತವೆ. ಜನ ಅವನ್ನು ಕರೆಯುವುದೇ ನರ, ಮಾದಿ, ಅಂದರೆ ಗಂಡು, ಹೆಣ್ಣು ಎಂದು. ಅಲ್ಲಿಗೆ ಶಕ್ತಿ ಟಿಕೆಟ್ ನಡೆಯುವುದಿಲ್ಲ, ಎರಡೂ ಟಿಕೆಟ್ಟಿನ ಹಣ ಹಿಡಿದು ಹೋಗಬೇಕು.

ಬುತ್ತಿಯ ಬಗ್ಗೆ ಹೇಳಲೇಬೇಕು. ಪ್ರವಾಸವೆಂದರೆ ನಸುಕಿನ ಮೂರಕ್ಕೆ ಎದ್ದು ಇಪ್ಪತ್ತು ರೊಟ್ಟಿ ಬಡಿಯುವುದು ನಿಮ್ಮ ಅಭ್ಯಾಸ. ಈ ಸಲ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಂಘದ ಗೆಳತಿಯರು ಕಟ್ಟಿಕೊಡಲಿ. ಒಂದು ಹೊತ್ತಾದರೂ ಖಾನಾವಳಿಗೆ ಹೋಗಿ, ಇನ್ನೊಬ್ಬರು ಬಡಿದ ಬಿಸಿ ರೊಟ್ಟಿಯನ್ನು, ಇನ್ನೊಬ್ಬರು ತಟ್ಟೆಗೆ ಹಾಕಿದ್ದನ್ನು ಕುಳಿತು ಉಣ್ಣಿ. ನೀರು ಕುಡಿಯಲು ಹೆದರಬೇಡಿ. ದಾರಿಯಲ್ಲಿ ಅಡಚಣೆಯಾದೀತೆಂದು ದಿನವಿಡೀ ಬಾಯಾರಿಕೊಂಡು ಇರುವವರು ನಮ್ಮಲ್ಲಿ ಎಷ್ಟೋ ಮಂದಿ. ದೊಡ್ಡ ಬಸ್ ನಿಲ್ದಾಣಗಳಲ್ಲಿ ಶೌಚಾಲಯವಿರುತ್ತದೆ, ಇಳಿದು ಹತ್ತುವ ಜಾಗಗಳನ್ನು ಅದನ್ನು ನೋಡಿಯೇ ಗೊತ್ತುಮಾಡಿಕೊಳ್ಳಿ.

ನಾವು ಹೋದರೆ ಎಮ್ಮೆ ಹಿಂಡುವವರು ಯಾರು, ಮಕ್ಕಳಿಗೆ ಉಣ್ಣಲು ಇಕ್ಕುವವರು ಯಾರು ಎಂದು ಕೇಳುತ್ತೀರಿ. ಕಳೆ ತೆಗೆಯುವಾಗ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳು ಹೋಗುತ್ತೀರಲ್ಲ, ಅದೇ ಪದ್ಧತಿ ಇಲ್ಲಿಯೂ ಸಾಕು. ಈ ತಿಂಗಳು ನಿಮ್ಮ ಮನೆ ಅವರು ನೋಡಿಕೊಂಡರೆ, ಮುಂದಿನ ತಿಂಗಳು ಅವರ ಮನೆ ನೀವು. ಹಾಸಿಗೆ ಹಿಡಿದ ಮಾವನಿದ್ದ ಮನೆಗೆ ಇಬ್ಬರು ಹೋಗಿ. ಇದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಬರೆದದ್ದನ್ನು ಮುರಿಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಬರೆಯಲು ಕಷ್ಟವಾಗುವ ಒಂದು ಸಂಗತಿಯೂ ಇದೆ. ನಿಮ್ಮ ಸಂಘದಲ್ಲಿ ಗಂಡನೊಂದಿಗೆ ಎರಡು ದಿನ ಇಬ್ಬರೇ ಇರುವುದೆಂದರೆ ಮೈ ನಡುಗುವ ತಂಗಿ ಇರಬಹುದು. ಕುಡಿದು ಹೊಡೆಯುವವನ ಜೊತೆ ಅವಳನ್ನು ಕಳಿಸಬೇಡಿ, ಹೋಗು ಎಂದು ಚೇಷ್ಟೆಗೂ ಅನ್ನಬೇಡಿ. ಅವಳ ಉಳಿತಾಯದಲ್ಲಿ ಅವಳು ತನ್ನ ಅಕ್ಕನ ಜೊತೆ, ಮಗಳ ಜೊತೆ ಹೋಗಿ ಬರಲಿ. ಗಂಡ ತೀರಿಕೊಂಡವರು, ಗಂಡ ಬಿಟ್ಟು ಹೋದವರು ಇದ್ದಾರೆ. ಅವರ ಸರದಿಯೂ ಸಂಘದ ಪ್ರವಾಸದ ಪಟ್ಟಿಯಲ್ಲಿ ಇರಬೇಕು, ಜೋಡಿಯಾಗಿ ಯಾರನ್ನು ಕರೆದೊಯ್ಯಬೇಕೆಂಬುದನ್ನು ಅವರೇ ಹೇಳಲಿ.

‘ಈ ವಯಸ್ಸಿನ್ಯಾಗ ಇಬ್ಬರೇ ಎಲ್ಲಿಗಿ ಹೊಂಟೀರಿ? ಮಂದಿ ಏನಂದಾರು?’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ನನಗೆ ತೋಚಿದ ದಾರಿ ಒಂದಿದೆ. ಸಂಘದಿಂದ ಮೊದಲ ವರ್ಷ ಹೊಸ ಜೋಡಿಯನ್ನು ಕಳಿಸಬೇಡಿ. ಎಲ್ಲರಿಗಿಂತ ಮೊದಲು ಲಗ್ನವಾದ, ಮೊಮ್ಮಕ್ಕಳನ್ನು ಕಂಡ ಜೋಡಿಯನ್ನು ಕಳಿಸಿ. ಲಗ್ನದ ತಾರೀಖು ನೆನಪಿಲ್ಲದಿದ್ದರೆ ಹಳೆಯ ಲಗ್ನಪತ್ರಿಕೆ ಹುಡುಕಿ. ಅದೂ ಸಿಗದಿದ್ದರೆ ಯಾವ ಬರಗಾಲದ ವರ್ಷ, ಯಾವ ಜಾತ್ರೆಯ ಮರುದಿನ ಎಂದು ಕೂಡಿ ಲೆಕ್ಕ ಹಾಕಿ. ಅಜ್ಜನಿಗೆ ಹಿರಿಯ ನಾಗರಿಕರ ಚೀಟಿ, ಅಜ್ಜಿಗೆ ಶೂನ್ಯ ಟಿಕೆಟ್, ಖರ್ಚು ಇನ್ನೂ ಇಳಿಯುತ್ತದೆ. ಊರಿನ ಬಸ್ ನಿಲ್ದಾಣಕ್ಕೆ ಸಂಘದವರೆಲ್ಲ ಹೋಗಿ ಅವರನ್ನು ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂಡಿಸಿ ಬನ್ನಿ. ಅತ್ತೆಯೇ ಹೋಗಿ ಬಂದ ಮೇಲೆ ಸೊಸೆಗೆ ಬೇಡ ಎನ್ನುವುದು ಯಾವ ಮನೆಯಲ್ಲೂ ಆಗುವುದಿಲ್ಲ.

ಇಂತಿ,
ನಿಮ್ಮ ಸೀಮೆಯ ಒಬ್ಬ ಅಕ್ಕ